ಕಡತ ಒಬ್ಬರದು, ಕೀಲಿ ಇನ್ನೊಬ್ಬರದು

ಸಿಬ್ಬಂದಿಯ ಸೇವಾ ವಿವರಗಳನ್ನು ಕಾಗದದಿಂದ ಎಚ್‌ಆರ್ ತಂತ್ರಾಂಶಕ್ಕೆ ಏರಿಸುವ ಕುರಿತು ಕಳೆದ ಸಂಚಿಕೆಯಲ್ಲಿ ಉತ್ತರಿಸಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಏರಿಸಿದ ನಂತರದ ಮಾತನ್ನೇ ಕೇಳಿವೆ. ಆ ವಿವರಗಳನ್ನು ಯಾರು ನೋಡಬಹುದು, ಯಾರು ತಿದ್ದಬಹುದು, ತಪ್ಪಾದರೆ ಯಾರು ಉತ್ತರ ಕೊಡಬೇಕು ಎಂಬ ಆ ಪ್ರಶ್ನೆಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಮೂರು ಊರುಗಳಲ್ಲಿ ಘಟಕಗಳಿರುವ ಸಿದ್ಧ ಉಡುಪು ಕಾರ್ಖಾನೆ. ಸುಮಾರು 640 ಜನ ಕೆಲಸಗಾರರಿದ್ದಾರೆ, ಪ್ರತಿ ಘಟಕಕ್ಕೂ ಒಬ್ಬ ಎಚ್‌ಆರ್ ಸಹಾಯಕರಿದ್ದಾರೆ. ಫ್ರಾಪೆ ಎಚ್‌ಆರ್ ಎಂಬ ತಂತ್ರಾಂಶ ಬಳಸುತ್ತೇವೆ. ತಂತ್ರಾಂಶ ಅಳವಡಿಸಿಕೊಟ್ಟವರು ಪ್ರತಿ ಘಟಕಕ್ಕೂ ಪ್ರತಿ ಕೆಲಸಕ್ಕೂ ಬೇರೆ ಬೇರೆ ರೋಲ್ (ಅನುಮತಿಗಳ ಕಟ್ಟು) ಮಾಡುತ್ತಾ ಹೋಗಿ ಈಗ 22 ರೋಲ್‌ಗಳಾಗಿವೆ. ಇಷ್ಟಾದರೂ ತಿಪಟೂರಿನ ಸಹಾಯಕರಿಗೆ ದೊಡ್ಡಬಳ್ಳಾಪುರದ ಕೆಲವರ ಸಂಬಳ ಕಾಣುತ್ತಿದೆ. ನಾವು ತಪ್ಪಿದ್ದೆಲ್ಲಿ?
— ಎಚ್‌ಆರ್ ವ್ಯವಸ್ಥಾಪಕಿ, ತುಮಕೂರು

ಉತ್ತರ: ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉಪಕರಣದಿಂದ ಉತ್ತರ ಹುಡುಕಿದ್ದೀರಿ. ಒಬ್ಬ ಸಹಾಯಕರು ಏನು ಮಾಡಬಹುದು ಎಂಬುದು ಒಂದು ಪ್ರಶ್ನೆ. ಅದನ್ನು ಯಾರ ಕಡತದ ಮೇಲೆ ಮಾಡಬಹುದು ಎಂಬುದು ಇನ್ನೊಂದು. ರೋಲ್ ಎಂಬ ಕಲ್ಪನೆ ಹುಟ್ಟಿದ್ದು ಮೊದಲನೆಯದಕ್ಕಾಗಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಅದಕ್ಕೊಂದು ವ್ಯವಸ್ಥಿತ ರೂಪ ಕೊಟ್ಟರು, 2004ರಲ್ಲಿ ಅದು ಅಲ್ಲಿನ ಅಧಿಕೃತ ಮಾನಕವೂ ಆಯಿತು. ಅನುಮತಿಯನ್ನು ವ್ಯಕ್ತಿಗೆ ಕೊಡದೆ ಹುದ್ದೆಗೆ ಕೊಟ್ಟು, ಆ ಹುದ್ದೆಯಲ್ಲಿ ಯಾರನ್ನಾದರೂ ಕೂರಿಸಬಹುದಾದ ಹಾಗೆ ಮಾಡಿದ್ದೇ ಅದರ ತಿರುಳು. ನಮ್ಮ ಕಚೇರಿಗಳಿಗೆ ಇದು ಹೊಸದೇನಲ್ಲ. ಶಿರಸ್ತೇದಾರರು ಬದಲಾದರೂ ಶಿರಸ್ತೇದಾರರ ಮೇಜು ಬದಲಾಗುವುದಿಲ್ಲ. ಆದರೆ ಘಟಕವನ್ನೂ ರೋಲಿನ ಹೆಸರಿಗೇ ಅಂಟಿಸಿದರೆ, ‘ಹಾಜರಾತಿ ತಿಪಟೂರು’, ‘ಹಾಜರಾತಿ ತುಮಕೂರು’ ಎಂದು ಬೆಳೆಯುತ್ತಾ ಹೋಗಿ, ನಾಲ್ಕನೆಯ ಘಟಕ ತೆರೆದ ದಿನ ನಿಮ್ಮ 22 ಏಕಾಏಕಿ 30ರ ಹತ್ತಿರ ಬರುತ್ತದೆ.

ಎರಡನೆಯ ಪ್ರಶ್ನೆಗೆ ಫ್ರಾಪೆಯಲ್ಲಿ ಬೇರೆಯದೇ ಸಾಧನವಿದೆ. ಅದರ ಹೆಸರು ಯೂಸರ್ ಪರ್ಮಿಷನ್. ‘ಎಚ್‌ಆರ್ ಸಹಾಯಕ’ ಎಂಬ ಒಂದೇ ರೋಲನ್ನು ಮೂವರಿಗೂ ಕೊಟ್ಟು, ಪ್ರತಿಯೊಬ್ಬರ ಹೆಸರಿನ ಮುಂದೆ ಅವರವರ ಶಾಖೆಯನ್ನು ಯೂಸರ್ ಪರ್ಮಿಷನ್ನಾಗಿ ನಮೂದಿಸಿದರೆ ಸಾಕು. ಈಗ ನಿಮ್ಮಲ್ಲಿ ಆಗುತ್ತಿರುವ ಸೋರಿಕೆಗೆ ಕಾರಣವೂ ಬಹುಮಟ್ಟಿಗೆ ಇಲ್ಲೇ ಇರಬೇಕೆಂದು ನನ್ನ ಅನುಮಾನ. ಯಾವ ದಾಖಲೆಯಲ್ಲಿ ಶಾಖೆಯ ಕಾಲಂ ಖಾಲಿ ಇದೆಯೋ ಆ ದಾಖಲೆಯನ್ನು ಯೂಸರ್ ಪರ್ಮಿಷನ್ ತಾನಾಗಿಯೇ ತಡೆಯುವುದಿಲ್ಲ. ಖಾಲಿ ಇರುವುದು ಯಾರಿಗೂ ಸೇರಿದ್ದಲ್ಲ, ಆದ್ದರಿಂದ ಎಲ್ಲರೂ ನೋಡಬಹುದು ಎಂಬ ತರ್ಕ ಅದರದು. ತಿಪಟೂರಿನವರಿಗೆ ಕಾಣುತ್ತಿರುವ ದೊಡ್ಡಬಳ್ಳಾಪುರದ ಹೆಸರುಗಳನ್ನು ಪಟ್ಟಿ ಮಾಡಿ, ಅವರ ದಾಖಲೆಯಲ್ಲಿ ಶಾಖೆ ತುಂಬಿದೆಯೇ ಎಂದು ನೋಡಿ. ಅವಸರದಲ್ಲಿ ಸೇರಿಸಿಕೊಂಡವರ ಹೆಸರುಗಳೇ ಅಲ್ಲಿ ಹೆಚ್ಚಾಗಿ ಸಿಗುತ್ತವೆ. ಉದ್ಯೋಗಿಯ ದಾಖಲೆಯನ್ನು ಇಂದು ಸರಿಪಡಿಸಿದರೂ ಹಿಂದೆ ತಯಾರಾದ ಸಂಬಳ ಚೀಟಿಗಳಲ್ಲಿ ಆ ಕಾಲಂ ಖಾಲಿಯೇ ಉಳಿದಿರಬಹುದಾದ್ದರಿಂದ ಅವುಗಳನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಖಾಲಿ ಕಾಲಂ ಇರುವುದನ್ನೂ ಮುಚ್ಚಿಬಿಡುವ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಒಮ್ಮೆಲೇ ಒತ್ತಿದರೆ ಶಾಖೆ ನಮೂದಿಸದ ಬೇರೆ ದಾಖಲೆಗಳೂ ಮಾಯವಾಗಿ ಬೆಳಗ್ಗೆಯೇ ಫೋನು ಬರತೊಡಗುತ್ತವೆ. ಆದ್ದರಿಂದ ಮೊದಲು ತಂತ್ರಾಂಶದ ಪರೀಕ್ಷಾ ಪ್ರತಿಯಲ್ಲಿ ಒಬ್ಬ ಸಹಾಯಕರ ಲಾಗಿನ್ನಿನಿಂದ ಒಂದು ದಿನದ ಕೆಲಸ ಮಾಡಿ ನೋಡಿ.

ಸಾವಿರಾರು ಜನರಿರುವ ಸಂಸ್ಥೆಗಳು ಬಳಸುವ ಒರಾಕಲ್ ಕಂಪನಿಯ ಎಚ್‌ಸಿಎಂ ಎಂಬ ಎಚ್‌ಆರ್ ತಂತ್ರಾಂಶ ಕೂಡ ಇದೇ ಕಗ್ಗಂಟನ್ನು ದಾಟಿ ಬಂದಿದೆ. ಅಲ್ಲಿ ಹುದ್ದೆಯ ರೋಲ್ ಜೊತೆಗೆ ‘ಯಾರ ಕಡತ’ ಎಂಬ ಭದ್ರತಾ ವಿವರವನ್ನು ಸೇರಿಸಿ ಡೇಟಾ ರೋಲ್ ತಯಾರಿಸುತ್ತಾರೆ. ಊರಿಗೊಂದರಂತೆ ಇವು ಹೆಚ್ಚುವುದನ್ನು ತಪ್ಪಿಸಲು ‘ಜವಾಬ್ದಾರಿಯ ಕ್ಷೇತ್ರ’ ಎಂಬ ನಮೂದನ್ನು ಉದ್ಯೋಗಿಯ ದಾಖಲೆಯಲ್ಲೇ ಇಡುವ ಸೌಲಭ್ಯವಿದೆ. ಇಂಥವರು ಇಂಥ ಘಟಕದ ಎಚ್‌ಆರ್ ಪ್ರತಿನಿಧಿ ಎಂದು ಅಲ್ಲಿ ಬರೆದರೆ, ‘ಲಾಗಿನ್ ಆದವರ ಜವಾಬ್ದಾರಿಗೆ ಸೇರಿದ ಜನರನ್ನು ಮಾತ್ರ ತೋರಿಸು’ ಎಂಬ ಒಂದೇ ನಿಯಮ ಎಲ್ಲರಿಗೂ ಸಾಕಾಗುತ್ತದೆ. ವರ್ಗಾವಣೆಯಾದಾಗ ರೋಲನ್ನು ಮುಟ್ಟಬೇಕಿಲ್ಲ, ಆ ನಮೂದನ್ನು ಬದಲಿಸಿದರೆ ಆಯಿತು. ಜವಾಬ್ದಾರಿಯನ್ನು ಕೊನೆಯ ಹೆಸರಿನ ಮೊದಲಕ್ಷರದ ಪ್ರಕಾರ ಹಂಚುವ ದಾರಿಯನ್ನೂ ಅದರಲ್ಲಿ ಕೊಟ್ಟಿದ್ದಾರೆ. ನಮ್ಮಲ್ಲಿ ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಕೊನೆಯ ಹೆಸರಿನ ಜಾಗದಲ್ಲಿ ಒಬ್ಬರು ಊರನ್ನು, ಒಬ್ಬರು ತಂದೆಯ ಹೆಸರನ್ನು, ಒಬ್ಬರು ಬರೀ ‘ಎಸ್’ ಅಥವಾ ‘ಎಂ’ ಎಂಬ ಇನಿಷಿಯಲ್ಲನ್ನು ಬರೆದಿರುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಇದನ್ನು ಪ್ರಯೋಗಿಸಿದಾಗ ಒಬ್ಬ ಸಹಾಯಕಿಯ ಪಾಲಿಗೆ ಅರ್ಧ ಕಂಪನಿಯೇ ಬಂದಿತ್ತು, ಇನ್ನೊಬ್ಬರಿಗೆ ಒಂಬತ್ತು ಜನ.

ನಿಮ್ಮ ಗಾತ್ರದ ಕಾರ್ಖಾನೆಗೆ ಐದು ರೋಲ್ ಸಾಕು: ಹಾಜರಾತಿ ಮತ್ತು ರಜೆ ನೋಡುವವರು, ಉದ್ಯೋಗಿಯ ಮೂಲ ವಿವರ ತುಂಬುವವರು, ಸಂಬಳ ತಯಾರಿಸುವವರು, ಸಂಬಳ ಅನುಮೋದಿಸುವವರು, ಮತ್ತು ತಮ್ಮ ದಾಖಲೆಯನ್ನು ಮಾತ್ರ ನೋಡುವ ಸಾಮಾನ್ಯ ಉದ್ಯೋಗಿ. ಇವುಗಳಲ್ಲಿ ಎರಡನೆಯದು ಮತ್ತು ಮೂರನೆಯದು ಒಬ್ಬರ ಕೈಯಲ್ಲೇ ಇರಕೂಡದು. ಹೊಸ ಉದ್ಯೋಗಿಯ ಹೆಸರು, ಬ್ಯಾಂಕ್ ಖಾತೆ ತುಂಬುವವರೇ ಸಂಬಳವನ್ನೂ ಹರಿಸಿದರೆ ಹುಟ್ಟದೇ ಇರುವ ಕೆಲಸಗಾರನಿಗೂ ತಿಂಗಳು ತಿಂಗಳು ಸಂಬಳ ಹೋಗುತ್ತದೆ.

ಪ್ರಶ್ನೆ: ನನ್ನ ಟೀಮ್ ಲೀಡರ್‌ಗೆ ನನ್ನ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕಳೆದ ವರ್ಷದ ಶಸ್ತ್ರಚಿಕಿತ್ಸೆಗೆ ಕೊಟ್ಟ ವೈದ್ಯರ ಪ್ರಮಾಣಪತ್ರ ಎಲ್ಲವೂ ತಂತ್ರಾಂಶದಲ್ಲಿ ಕಾಣುತ್ತವೆ. ಕೇಳಿದರೆ ಎಚ್‌ಆರ್‌ನವರು ‘ಅವರು ನಿಮ್ಮ ಮ್ಯಾನೇಜರ್ ಅಲ್ಲವೇ’ ಎನ್ನುತ್ತಾರೆ. ಇದು ಕಾನೂನುಬದ್ಧವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಮ್ಯಾನೇಜರ್ ಎಂಬುದು ಕೆಲಸ ಹಂಚುವ ಸಂಬಂಧ. ಕಡತ ಓದುವ ಹಕ್ಕು ಅದರಿಂದ ತಾನಾಗಿ ಹುಟ್ಟುವುದಿಲ್ಲ. ನಿಮ್ಮ ಲೀಡರ್‌ಗೆ ನೀವು ಯಾವ ದಿನಗಳಲ್ಲಿ ರಜೆಯಲ್ಲಿರುತ್ತೀರಿ ಎಂಬುದು ಗೊತ್ತಿರಬೇಕು. ಯಾವ ಅಂಗದ ಶಸ್ತ್ರಚಿಕಿತ್ಸೆ ಎಂಬುದು ಬೇಕಿಲ್ಲ. ಹುಟ್ಟುಹಬ್ಬಕ್ಕೆ ಕೇಕ್ ತರಿಸುವವರಿಗೆ ದಿನ ಮತ್ತು ತಿಂಗಳು ಸಾಕು, ಇಸವಿ ಬೇಡ. ಆಧಾರ್ ಸಂಖ್ಯೆ ಪಿಎಫ್‌ನ ಯುಎಎನ್ ಎಂಬ ಖಾತೆ ಸಂಖ್ಯೆಗೆ ಜೋಡಿಸಲು ಬೇಕಾಗುತ್ತದೆ. ಜೋಡಿಸಿದ ಮೇಲೆ ಎಚ್‌ಆರ್‌ನವರ ಪರದೆಯಲ್ಲೂ ಕೊನೆಯ ನಾಲ್ಕು ಅಂಕಿಗಳು ಕಂಡರೆ ಸಾಕು.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಯ ಅರ್ಜಿದಾರರಾಗಿ ಹೆಸರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ 7ನೆಯ ಕಲಮಿನಲ್ಲಿ, ಉದ್ಯೋಗದ ಉದ್ದೇಶಕ್ಕಾಗಿ ಉದ್ಯೋಗಿಯ ವಿವರವನ್ನು ಪ್ರತ್ಯೇಕ ಒಪ್ಪಿಗೆಯಿಲ್ಲದೆಯೂ ಬಳಸಲು ಮಾಲೀಕರಿಗೆ ಅವಕಾಶವಿದೆ. ಎಚ್‌ಆರ್‌ನವರು ಸಾಮಾನ್ಯವಾಗಿ ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಮುಂದಿನ 8ನೆಯ ಕಲಮು, ಒಪ್ಪಿಗೆ ಪಡೆದದ್ದಾಗಲಿ ಬಿಡಲಿ, ತನ್ನ ಬಳಿಯಿರುವ ವಿವರಕ್ಕೆ ತಕ್ಕ ಭದ್ರತೆ ಒದಗಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸುತ್ತದೆ. ಅದರಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಆ ಭದ್ರತೆಯಲ್ಲಿ ಏನೇನಿರಬೇಕೆಂದು ಹೇಳುವಾಗ, ಯಾರು ನೋಡಬಹುದು ಎಂಬ ನಿಯಂತ್ರಣವನ್ನೂ, ಯಾರು ನೋಡಿದರು ಎಂಬ ಲಾಗ್‌ ಅನ್ನೂ, ಆ ಲಾಗ್‌ ಅನ್ನು ಒಂದು ವರ್ಷ ಉಳಿಸಿಕೊಳ್ಳುವುದನ್ನೂ ಹೆಸರಿಸಿವೆ. ಸಂಸ್ಥೆಗಳಿಗೆ ಸಿದ್ಧವಾಗಲು 18 ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಈ ಕಟ್ಟಳೆಗಳು ಪೂರ್ತಿಯಾಗಿ ಜಾರಿಗೆ ಬರುವುದು 2027ರ ಮೇ ತಿಂಗಳಿನಲ್ಲಿ.

ನೀವು ‘ಇದು ಕಾನೂನುಬಾಹಿರ’ ಎಂದು ಪತ್ರ ಆರಂಭಿಸಿದರೆ ಎಚ್‌ಆರ್‌ನವರು ಅದನ್ನು ವಕೀಲರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅದರ ಬದಲು, ‘ನನ್ನ ವೈದ್ಯಕೀಯ ದಾಖಲೆಯನ್ನು ಯಾವ ಯಾವ ಹುದ್ದೆಯವರು ನೋಡಬಹುದು, ಯಾವ ಕೆಲಸಕ್ಕಾಗಿ’ ಎಂದು ಎರಡು ಸಾಲಿನಲ್ಲಿ ಕೇಳಿ. ಇದಕ್ಕೆ ಉತ್ತರ ಬರೆಯಬೇಕಾದರೆ ಅವರೇ ತಂತ್ರಾಂಶವನ್ನು ತೆರೆದು ನೋಡಬೇಕಾಗುತ್ತದೆ. ದಾಖಲೆಯ ಒಂದೊಂದು ಕಾಲಂಗೂ ಬೇರೆ ಮಟ್ಟದ ಅನುಮತಿ ಇಡುವ ಸೌಲಭ್ಯ ಈಗಿನ ಬಹುತೇಕ ಎಚ್‌ಆರ್ ತಂತ್ರಾಂಶಗಳಲ್ಲಿದೆ. ಅದನ್ನು ಯಾರೂ ತೆರೆದಿರುವುದಿಲ್ಲ, ಅಷ್ಟೆ.

ಪ್ರಶ್ನೆ: ನಮ್ಮ ಐಟಿ ವಿಭಾಗದ ಹುಡುಗನಿಗೆ ಎಲ್ಲರ ಸಂಬಳವೂ ಕಾಣುತ್ತದೆಯಂತೆ. ನಿಜವೇ?
— ಶಾಲಾ ಆಡಳಿತಾಧಿಕಾರಿ, ಶಿವಮೊಗ್ಗ

ಉತ್ತರ: ನಿಜ. ಸಿಸ್ಟಂ ಅಡ್ಮಿನಿಸ್ಟ್ರೇಟರ್ ಲಾಗಿನ್ ಇರುವವರಿಂದ ತಂತ್ರಾಂಶ ಏನನ್ನೂ ಮುಚ್ಚಿಡಲಾರದು. ಬೇಲಿಯೇ ಹೊಲ ಮೇಯದಂತೆ ಮಾಡಬಹುದಾದದ್ದು ಇಷ್ಟು: ಆ ಲಾಗಿನ್‌ ಅನ್ನು ದಿನನಿತ್ಯದ ಕೆಲಸಕ್ಕೆ ಬಳಸದೆ ಅವರಿಗೆ ಸಣ್ಣ ಅನುಮತಿಯ ಬೇರೊಂದು ಲಾಗಿನ್ ಕೊಡಿ. ದೊಡ್ಡ ಕೀಲಿಯ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲಿಡಿ. ತೆರೆದಾಗಲೆಲ್ಲ ಕಾರಣ ಬರೆಸಿ, ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ಬದಲಿಸಿ. ಲಾಗ್ ಅವರಿಂದಲೇ ಅಳಿಸಲಾಗದ ಕಡೆಗೆ ಹೋಗುತ್ತಿದೆಯೇ ಎಂಬುದನ್ನು ತಂತ್ರಾಂಶ ಮಾರಿದವರಿಂದ ಬರವಣಿಗೆಯಲ್ಲಿ ಪಡೆಯಿರಿ.

ಪ್ರಶ್ನೆ: ನಾನು ಜಿಲ್ಲಾ ಮಟ್ಟದ ಸರ್ಕಾರಿ ಕಚೇರಿಯೊಂದರ ವಿಷಯ ನಿರ್ವಾಹಕ. ಸರ್ಕಾರಿ ನೌಕರರ ಸೇವೆ, ಸಂಬಳದ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಸಂಬಳದ ಬಿಲ್ಲು ತಯಾರಿಸುವುದು ನನ್ನ ಕೆಲಸ. ಬಿಲ್ಲು ಅನುಮೋದಿಸಿ ಹಣ ಸೆಳೆಯುವ ಅಧಿಕಾರಿಯಾದ ಡಿಡಿಒ ಸಾಹೇಬರ ಪಾಸ್‌ವರ್ಡೂ ಅವರ ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಟೋಕನ್ನೂ ನನ್ನ ಮೇಜಿನಲ್ಲೇ ಇರುತ್ತವೆ. ಮೂವರು ಸಾಹೇಬರು ಬದಲಾದರು, ಪದ್ಧತಿ ಬದಲಾಗಲಿಲ್ಲ. ನನಗೆ ಹೆದರಿಕೆಯಾಗುತ್ತಿದೆ. ಹೇಳುವುದು ಹೇಗೆ?
— ಹೆಸರು ಬೇಡ ಎಂದಿರುವ ಓದುಗರು, ಕಲ್ಯಾಣ ಕರ್ನಾಟಕ

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿದೆ. ಕಾಗದದ ಕಾಲದಲ್ಲಿ ನೀವು ಬಿಲ್ಲು ಬರೆಯುತ್ತಿದ್ದಿರಿ, ಅಧೀಕ್ಷಕರು ತಾಳೆ ನೋಡುತ್ತಿದ್ದರು, ಸಾಹೇಬರು ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಿದ್ದರು. ಸಾಹೇಬರು ತಮ್ಮ ಪೆನ್ನನ್ನು ನಿಮಗೆ ಕೊಡಬಹುದಿತ್ತೇ ಹೊರತು ಕೈಯನ್ನು ಕೊಡುವಂತಿರಲಿಲ್ಲ. ಈಗ ಕೊಟ್ಟಿರುವುದು ಕೈಯನ್ನೇ. ಒಬ್ಬರು ತಯಾರಿಸಿ ಇನ್ನೊಬ್ಬರು ಒಪ್ಪಬೇಕೆಂಬ ಕಟ್ಟಳೆ ಪರದೆಯ ಮೇಲೆ ಇನ್ನೂ ಇದೆ, ಆದರೆ ಎರಡೂ ಕಡೆ ಕೂತಿರುವವರು ನೀವೊಬ್ಬರೇ.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೆಯ ಕಲಮಿನ ಪ್ರಕಾರ ಡಿಜಿಟಲ್ ಸಹಿ ಪಡೆದವರು ಅದರ ಖಾಸಗಿ ಕೀಲಿಯನ್ನು (ಸಹಿ ಹಾಕಲು ಬಳಸುವ ಗುಪ್ತ ಸಂಕೇತವನ್ನು) ತಮ್ಮ ಹತೋಟಿಯಲ್ಲೇ ಇಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸಬೇಕು. ಈ ಹೊಣೆ ಸಾಹೇಬರದು. ಅದೇ ಕಾಯ್ದೆಯ 66ಸಿ ಕಲಮು ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಸಾಹೇಬರೇ ಕೊಟ್ಟದ್ದನ್ನು ಅವರು ಹೇಳಿದ ಕೆಲಸಕ್ಕೆ ಬಳಸಿದ್ದು ಮೋಸವಲ್ಲ ನಿಜ. ಆದರೆ ಒಂದು ದಿನ ಯಾರದೋ ಬಾಕಿ ವೇತನ ತಪ್ಪು ಖಾತೆಗೆ ಹೋದರೆ, ಲಾಗ್‌ನಲ್ಲಿರುವುದು ಸಾಹೇಬರ ಹೆಸರು, ಟೋಕನ್ ಸಿಕ್ಕಿದ್ದು ನಿಮ್ಮ ಡ್ರಾಯರಿನಲ್ಲಿ. ತಾನು ಮಾಡಲಿಲ್ಲ ಎಂದು ಸಾಬೀತು ಮಾಡುವ ದಾರಿ ಇಬ್ಬರಿಗೂ ಮುಚ್ಚಿರುತ್ತದೆ. ಸಾಹೇಬರು ಅಷ್ಟರಲ್ಲಿ ಬೇರೆ ಜಿಲ್ಲೆಯಲ್ಲಿರುತ್ತಾರೆ, ನೀವು ಮಾತ್ರ ಅದೇ ಮೇಜಿನಲ್ಲಿರುತ್ತೀರಿ.

ಹೇಳುವ ದಾರಿ ಟಿಪ್ಪಣಿಯದು. ಬರುವ ತಿಂಗಳ ಬಿಲ್ಲನ್ನು ನಿಮ್ಮ ಲಾಗಿನ್ನಿನಲ್ಲಿ ತಯಾರಿಸಿ, ‘ಬಿಲ್ಲು ಸಿದ್ಧವಿದ್ದು, ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸಿ ಅನುಮೋದಿಸಲು ಕೋರಿ ಮಂಡಿಸಿದೆ’ ಎಂದು ಕಡತದಲ್ಲಿ ಬರೆಯಿರಿ. ಟೋಕನ್ನನ್ನು ಆ ಕಡತದ ಜೊತೆಗೇ ಇಟ್ಟು, ‘ಟೋಕನ್ ಲಗತ್ತಿಸಿದೆ’ ಎಂಬ ಎರಡು ಪದ ಸೇರಿಸಿ. ಸಾಹೇಬರು ಟೋಕನ್ನನ್ನು ಮೇಜಿನಲ್ಲಿ ಬಿಟ್ಟದ್ದು ಸೋಮಾರಿತನದಿಂದಲೇ ಎಂದುಕೊಳ್ಳಬೇಕಿಲ್ಲ. ನೂರಾರು ಸಾಲುಗಳ ಬಿಲ್ಲನ್ನು ಮೊದಲಿಂದ ಕೊನೆಯವರೆಗೆ ಓದಲು ಅವರಿಗೆ ಪುರುಸೊತ್ತಿಲ್ಲ. ಆದ್ದರಿಂದ ಬಿಲ್ಲಿನ ಮೇಲೆ ಒಂದೇ ಪುಟದ ವ್ಯತ್ಯಾಸ ಪಟ್ಟಿ ಇಡಿ: ಹೋದ ತಿಂಗಳಿಗಿಂತ ಈ ತಿಂಗಳು ಹೊಸದಾಗಿ ಸೇರಿದವರು, ಹೋದವರು, ವಾರ್ಷಿಕ ಬಡ್ತಿ ಪಡೆದವರು, ಬಾಕಿ ಪಡೆಯುವವರು, ಬ್ಯಾಂಕ್ ಖಾತೆ ಬದಲಿಸಿದವರು. ಆ ಪಟ್ಟಿ ಓದಲು ಹತ್ತು ನಿಮಿಷ ಸಾಕು, ತಪ್ಪು ಇರುವುದಾದರೆ ಇರುವುದೂ ಅದರಲ್ಲೇ. ಖಾತೆ ಬದಲಿಸಿದವರಿಗಂತೂ ಒಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಸಾಹೇಬರು ಟೋಕನ್ನನ್ನು ವಾಪಸು ನಿಮ್ಮ ಬಳಿಗೇ ಕಳಿಸಿದರೆ, ಮರುತಿಂಗಳೂ ಅದೇ ಟಿಪ್ಪಣಿ ಬರೆಯಿರಿ.

ಪ್ರಶ್ನೆ: ನಮ್ಮ ಆಸ್ಪತ್ರೆಯ ಪೇರೋಲ್ ತಂತ್ರಾಂಶದಲ್ಲಿ ಅನುಮತಿಗಳೆಲ್ಲ ಸರಿಯಾಗಿವೆ. ಆದರೆ ಪ್ರತಿ ವರ್ಷ ಆಡಿಟರ್ ಕೇಳಿದಾಗ ಎಲ್ಲರ ಸಂಬಳವನ್ನು ಎಕ್ಸೆಲ್‌ಗೆ ಇಳಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ತಪ್ಪೇ?
— ಲೆಕ್ಕಪತ್ರ ವಿಭಾಗ, ಮಂಗಳೂರು

ಉತ್ತರ: ತಂತ್ರಾಂಶದೊಳಗಿನ ಅನುಮತಿಗಳ ಆಳ್ವಿಕೆ ‘ಡೌನ್‌ಲೋಡ್’ ಗುಂಡಿಯವರೆಗೆ ಮಾತ್ರ. ಅಲ್ಲಿಂದಾಚೆಗೆ ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ. ಬ್ರಿಟನ್ನಿನ ಮಾರಿಸನ್ಸ್ ಎಂಬ ಸೂಪರ್ ಮಾರ್ಕೆಟ್ ಸರಣಿಯಲ್ಲಿ ನಡೆದದ್ದು ನಿಮ್ಮ ಪ್ರಶ್ನೆಗೆ ಕನ್ನಡಿ ಹಿಡಿದಂತಿದೆ. 2013ರಲ್ಲಿ ಹೊರಗಿನ ಲೆಕ್ಕ ಪರಿಶೋಧಕರಿಗೆ ತಲುಪಿಸಲೆಂದೇ ಸಿಬ್ಬಂದಿಯ ಸಂಬಳದ ಕಡತವನ್ನು ಒಬ್ಬ ಒಳ ಪರಿಶೋಧಕನಿಗೆ ಕೊಡಲಾಯಿತು. ಅವನು ಅದನ್ನು ತಲುಪಿಸಿದ. ಆದರೆ ಅದಕ್ಕೆ ಕೆಲವು ತಿಂಗಳ ಹಿಂದೆ ಶಿಸ್ತು ಕ್ರಮಕ್ಕೆ ಒಳಗಾಗಿ ಒಳಗೊಳಗೇ ಕುದಿಯುತ್ತಿದ್ದವನು ತನಗೊಂದು ಪ್ರತಿಯನ್ನೂ ಉಳಿಸಿಕೊಂಡ. 2014ರಲ್ಲಿ ಸುಮಾರು ಒಂದು ಲಕ್ಷ ಜನರ ಹೆಸರು, ವಿಳಾಸ, ಬ್ಯಾಂಕ್ ಖಾತೆ, ಸಂಬಳ ಎಲ್ಲವನ್ನೂ ಅಂತರಜಾಲಕ್ಕೆ ಹಾಕಿದ. ಅವನಿಗೆ ಎಂಟು ವರ್ಷ ಜೈಲಾಯಿತು. ಉದ್ಯೋಗಿಗಳು ಸಂಸ್ಥೆಯ ಮೇಲೂ ದಾವೆ ಹೂಡಿದರು. ಅವನ ವೈಯಕ್ತಿಕ ಸೇಡಿಗೆ ಸಂಸ್ಥೆ ಹೊಣೆಯಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2020ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಅದಕ್ಕೂ ಮೊದಲು 2017ರಲ್ಲಿ ಹೈಕೋರ್ಟು ಇನ್ನೊಂದು ಅಂಶವನ್ನು ಗುರುತಿಸಿತ್ತು: ಇಂಥ ಕಡತ ಕೆಲಸ ಮುಗಿದ ಮೇಲೆ ಅಳಿಸಿಹೋಗಿದೆಯೇ ಎಂದು ನೋಡುವ ಕ್ರಮಬದ್ಧ ಏರ್ಪಾಡು ಸಂಸ್ಥೆಯಲ್ಲಿರಲಿಲ್ಲ.

ಗಮನಿಸಿ, ಅಲ್ಲಿ ಅನುಮತಿಯನ್ನು ಮುರಿದು ಯಾರೂ ಒಳನುಗ್ಗಿರಲಿಲ್ಲ. ಕಡತ ಅವನ ಕೈ ಸೇರಿದ್ದು ಕೆಲಸದ ದಾರಿಯಲ್ಲೇ. ನಿಮ್ಮ ಆಡಿಟರ್‌ಗೆ ತಂತ್ರಾಂಶದಲ್ಲೇ ಓದಲು ಮಾತ್ರ ಬರುವ, ಆಡಿಟ್ ಮುಗಿಯುವ ದಿನಾಂಕಕ್ಕೆ ತಾನಾಗಿ ಮುಚ್ಚಿಕೊಳ್ಳುವ ಲಾಗಿನ್ ಕೊಡಿ. ಕಡತವೇ ಬೇಕೆಂದು ಅವರು ಪಟ್ಟು ಹಿಡಿದರೆ ಆಧಾರ್, ಪ್ಯಾನ್, ಫೋನ್ ಕಾಲಂಗಳನ್ನು ತೆಗೆದು, ಹೆಸರಿನ ಬದಲು ಸಿಬ್ಬಂದಿ ಸಂಖ್ಯೆ ಇಟ್ಟು ಕೊಡಿ. ಮೊತ್ತ ತಾಳೆ ನೋಡಲು ಅಷ್ಟು ಸಾಕು. ನಿಮ್ಮ ಸಂಬಳ ಪಟ್ಟಿಯನ್ನು ಹೊರಗಿನ ಪೇರೋಲ್ ಸಂಸ್ಥೆ ತಯಾರಿಸುತ್ತಿದ್ದರೆ, ಅವರ ಜೊತೆ ಕಾನೂನುಬದ್ಧ ಒಪ್ಪಂದ ಇರಲೇಬೇಕೆಂದು ನಮ್ಮ 2023ರ ಕಾಯ್ದೆ ಹೇಳುತ್ತದೆ, ಮತ್ತು ಅವರ ಕೈಯಲ್ಲಾದ ತಪ್ಪಿಗೂ ಉತ್ತರಿಸಬೇಕಾದವರು ನೀವೇ.

ಪ್ರಶ್ನೆ: ಕೆಲಸ ಬಿಟ್ಟು ನಾಲ್ಕು ತಿಂಗಳಾದ ಅಧಿಕಾರಿಯ ಲಾಗಿನ್ ಇನ್ನೂ ತೆರೆಯುತ್ತಿದೆ ಎಂದು ಈಗ ಗೊತ್ತಾಯಿತು. ಮುಚ್ಚಿದ್ದೇವೆ. ಬೇರೇನಾದರೂ ಮಾಡಬೇಕೇ?
— ಸಹಕಾರ ಸಂಘದ ಕಾರ್ಯದರ್ಶಿ, ಹಾವೇರಿ

ಉತ್ತರ: ಮುಚ್ಚಿದ್ದು ಅರ್ಧ ಕೆಲಸ. ಮೊದಲು ಆ ನಾಲ್ಕು ತಿಂಗಳಲ್ಲಿ ಆ ಲಾಗಿನ್‌ನಿಂದ ಏನೇನು ತೆರೆದರು, ಇಳಿಸಿಕೊಂಡರು ಎಂಬುದನ್ನು ಲಾಗ್‌ನಲ್ಲಿ ನೋಡಿ, ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದೇ ದಾಖಲಿಸಿ. ನಂತರ ಅವರ ಹೆಸರಿನಲ್ಲಿ ಯಾವ ಹೊಣೆಗಳಿದ್ದವು ಎಂದು ಹುಡುಕಿ. ಕೆಲಸ ಬಿಟ್ಟವರು ಕೀಲಿಯನ್ನಷ್ಟೇ ಅಲ್ಲ, ಖಾಲಿ ಕುರ್ಚಿಯನ್ನೂ ಬಿಟ್ಟು ಹೋಗಿರುತ್ತಾರೆ. ರಜೆ ಮಂಜೂರು ಮಾಡುವವರು, ಪ್ರಯಾಣ ಭತ್ಯೆ ಒಪ್ಪುವವರು ಎಂಬ ಕಾಲಂಗಳಲ್ಲಿ ಅವರ ಹೆಸರೇ ಉಳಿದಿದ್ದರೆ, ಲಾಗಿನ್ ಮುಚ್ಚಿದ ದಿನದಿಂದ ಆ ಅರ್ಜಿಗಳೆಲ್ಲ ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತಿರುತ್ತವೆ. ಸಾಮಾನ್ಯವಾಗಿ ಇದು ಗೊತ್ತಾಗುವುದು ಹೆರಿಗೆ ರಜೆಗೆ ಅರ್ಜಿ ಹಾಕಿದವರು ಫೋನ್ ಮಾಡಿದಾಗ. ನಿಮ್ಮಲ್ಲಿಯೇ ಇರುತ್ತಾ ಮೇಜು ಬದಲಿಸಿದವರನ್ನೂ ಇದೇ ನೆಪದಲ್ಲಿ ನೋಡಿಬಿಡಿ. ಸಾಲ ವಿಭಾಗದಿಂದ ಲೆಕ್ಕಕ್ಕೆ, ಲೆಕ್ಕದಿಂದ ಸಿಬ್ಬಂದಿ ಶಾಖೆಗೆ ಬಂದವರ ಬಳಿ ಹಳೆಯ ಎರಡು ವಿಭಾಗಗಳ ಅನುಮತಿಯೂ ಹಾಗೆಯೇ ಉಳಿದಿರುತ್ತದೆ. ಹತ್ತು ವರ್ಷ ದುಡಿದವರ ಕೀಲಿಗೊಂಚಲು ಕಾರ್ಯದರ್ಶಿಯವರದಕ್ಕಿಂತ ದೊಡ್ಡದಿರುವುದನ್ನು ನಾನು ಕಂಡಿದ್ದೇನೆ. ಬಿಡುಗಡೆ ಆದೇಶಕ್ಕೆ ಸಹಿ ಹಾಕುವ ಮುನ್ನ ‘ಲಾಗಿನ್ ಮುಚ್ಚಿದೆ, ಮಂಜೂರಾತಿ ಹೊಣೆಯನ್ನು ಇಂಥವರಿಗೆ ವರ್ಗಾಯಿಸಿದೆ’ ಎಂಬ ಸಾಲು ಅದರಲ್ಲಿದೆಯೇ ಎಂದು ಇನ್ನು ಮುಂದೆ ನೋಡಿಕೊಳ್ಳಿ.